ನಾಲ್ಕನೆಯ ಸೀಸೆ

ಜುಲೈ ೧೦, ೨೦೦೦, ಸೋಮವಾರ

ಔಷಧಿ ಕಂಪನಿಯವರು ಜನವರಿಯಲ್ಲಿ ಕೊಟ್ಟುಹೋದ ಡೈರಿ ಇದು. ಆರು ತಿಂಗಳು ಖಾಲಿ ಬಿದ್ದಿತ್ತು. ಇವತ್ತು ಬರೆಯಲೇಬೇಕಾಗಿದೆ, ಏಕೆಂದರೆ ಬಾಯಲ್ಲಿ ಹೇಳಿದರೆ ಕೆಲಸ ಹೋಗುತ್ತದೆ.

ಹನ್ನೊಂದು ವರ್ಷದಿಂದ ಡಾಕ್ಟರ್ ಮಹಾಂತೇಶ್ ಅವರ ನರ್ಸಿಂಗ್ ಹೋಮಿನ ಲ್ಯಾಬಿನಲ್ಲಿ ನಾನೊಬ್ಬಳೇ. ಒಂದು ಕೋಣೆ, ಒಂದು ಮೈಕ್ರೋಸ್ಕೋಪು, ಒಂದು ಫ್ರಿಜ್ಜು, ಸೀಸೆಗಳನ್ನು ಮೈಬಿಸಿಯಷ್ಟು ಬೆಚ್ಚಗಿಡುವ ಒಂದು ಪೆಟ್ಟಿಗೆ. ಚಳ್ಳಕೆರೆಯಲ್ಲಿ ನಾನು ರಕ್ತ ನೋಡದ ಮನೆತನ ಕಡಿಮೆ. ಮಾತಾಡುವವರಿಲ್ಲ ಎಂಬುದೇ ಈ ಕೆಲಸದ ಸುಖವಾಗಿತ್ತು.

ಬೆಳಿಗ್ಗೆ ಡಾಕ್ಟರು ತಮ್ಮ ಮಾವನವರನ್ನು ಕರೆದುಕೊಂಡು ಬಂದರು. "ಗೀತಾ, ಮಾವನೋರು ಒಂದಿಷ್ಟು ದಿವಸ ಇಲ್ಲೇ ಕೂತ್ಕೋತಾರೆ. ಕಿಟಕಿ ಹತ್ರದ ಟೇಬಲ್ ಖಾಲಿ ಮಾಡಿಕೊಡು," ಎಂದವರೇ ನನ್ನ ಮುಖ ನೋಡದೆ ಹೊರಟುಹೋದರು. ಕಾರಣವನ್ನು ಆಮೇಲೆ ಆಯಾ ಹೇಳಿದಳು. ಕೊಟ್ಟೂರಪ್ಪನವರು ಮೊಳಕಾಲ್ಮೂರಿನಲ್ಲಿ ಮೂವತ್ತು ವರ್ಷ ಜೀವಶಾಸ್ತ್ರದ ಲೆಕ್ಚರರ್ ಆಗಿದ್ದು ಹೋದ ವರ್ಷ ನಿವೃತ್ತರಾದರು. ಪಾಠ ಕೇಳುವವರು ಇಲ್ಲವಾದ ಮೇಲೆ ಅಳಿಯನ ಕೋಣೆಯಲ್ಲಿ ಕೂತು, ಡಾಕ್ಟರು ಬಾಯಿ ತೆರೆಯುವ ಮೊದಲೇ ರೋಗಿಗಳಿಗೆ ಅವರವರ ಕಾಯಿಲೆಯನ್ನು ವಿವರಿಸತೊಡಗಿದ್ದರು. ಹೋದ ವಾರ ಮೂಲವ್ಯಾಧಿಯವನೊಬ್ಬನಿಗೆ ಬೋರ್ಡಿನ ಮೇಲೆ ಚಿತ್ರ ಬರೆದು ತೋರಿಸಿದರಂತೆ. ಬಾಗಿಲು ತೆರೆದಿತ್ತಂತೆ.

ಟೇಬಲ್ ಒರೆಸಿ ಕೊಟ್ಟೆ. ಅವರು ಜೇಬಿನಿಂದ ಮೂಗುತಿಯ ಡಬ್ಬಿಯೊಂದನ್ನು ತೆಗೆದು ಮುಚ್ಚಳ ಬಿಚ್ಚಿದರು. ಒಳಗೆ ಸಜ್ಜೆಕಾಳಿನಷ್ಟು ಕಂದು ಕಲ್ಲು. ಮೇ ತಿಂಗಳಲ್ಲಿ ಅವರ ಮೂತ್ರದಲ್ಲಿ ಬಿದ್ದದ್ದು.

"ಇದೇನು ಹೇಳು?"

"ಕಲ್ಲು ಸಾರ್."

"ತಪ್ಪು. ಇದು ಮನೆ."

ಊಟದ ಹೊತ್ತಿನವರೆಗೆ ಪಾಠವಾಯಿತು. ಫಿನ್‌ಲೆಂಡಿನ ವಿಜ್ಞಾನಿಗಳು ಎರಡು ವರ್ಷದ ಹಿಂದೆ ಮೂತ್ರಪಿಂಡದ ಕಲ್ಲುಗಳಲ್ಲಿ ಬಲು ಸಣ್ಣ ಬ್ಯಾಕ್ಟೀರಿಯಾ ಕಂಡಿದ್ದಾರಂತೆ. ಹೆಸರು ನ್ಯಾನೋಬ್ಯಾಕ್ಟೀರಿಯಾ. ಮಾಮೂಲಿ ಬ್ಯಾಕ್ಟೀರಿಯಾ ಶೇಂಗಾಕಾಯಿ ಆದರೆ ಇವು ಸಾಸಿವೆ. ಸುತ್ತ ಸುಣ್ಣದ ಗೋಡೆ ಕಟ್ಟಿಕೊಳ್ಳುತ್ತವೆ, ಗೋಡೆಗೆ ಗೋಡೆ ಸೇರಿ ಕಲ್ಲಾಗುತ್ತದೆ. ಬೇರೆ ವಿಜ್ಞಾನಿಗಳು ಒಪ್ಪುವುದಿಲ್ಲವಂತೆ. ಜೀವ ನಡೆಯಲು ಬೇಕಾದ ಸಾಮಾನು ಅಷ್ಟು ಕಿರಿದಾದ ಜಾಗದಲ್ಲಿ ಹಿಡಿಸುವುದೇ ಇಲ್ಲ ಎಂದು ಅವರ ವಾದ.

"ಚಿಕ್ಕ ಮನೇಲಿ ಸಂಸಾರ ಮಾಡಿದೋರನ್ನ ಅವರು ನೋಡಿಲ್ಲ," ಎಂದರು ಸಾರ್.

ಅಷ್ಟೊತ್ತಿಗೆ ಹದಿನಾಲ್ಕು ರಕ್ತದ ಸ್ಯಾಂಪಲ್ ನನಗಾಗಿ ಕಾಯುತ್ತಿದ್ದವು.

ಜುಲೈ ೧೩, ಗುರುವಾರ

ಸಾರ್ ಇವತ್ತು ತಮ್ಮ ಮೂತ್ರದ ಹನಿಯನ್ನು ಮೈಕ್ರೋಸ್ಕೋಪಿನಲ್ಲಿ ನೋಡಿ ಕುರ್ಚಿಯಿಂದ ಎದ್ದುಬಿಟ್ಟರು. "ಕುಣೀತಾ ಅವೆ. ಗೀತಾ, ಬಾರೇ ಇಲ್ಲಿ, ಕುಣೀತಾ ಅವೆ."

ನೋಡಿದೆ. ಸಣ್ಣ ಚುಕ್ಕೆಗಳು ನಿಂತಲ್ಲೇ ನಡುಗುತ್ತಿದ್ದವು. ಇನ್ನೊಂದು ಗಾಜಿನ ಮೇಲೆ ನೀರಿಗೆ ಚಿತ್ರ ಬರೆಯುವ ಕರಿಶಾಯಿ ಬೆರೆಸಿ ಇಟ್ಟೆ. ಅದೂ ಕುಣಿಯಿತು. ನೀರಿನಲ್ಲಿ ಯಾವ ಧೂಳನ್ನು ಹಾಕಿದರೂ ಕುಣಿಯುತ್ತದೆ. ಚಿತ್ರದುರ್ಗದಲ್ಲಿ ಟ್ರೈನಿಂಗಿನ ಮೊದಲ ವಾರವೇ ನಮ್ಮ ಮೇಷ್ಟ್ರು ಅದನ್ನು ತೋರಿಸಿ, ಕುಣಿದದ್ದೆಲ್ಲ ಜೀವ ಅಂತ ಬರೆದರೆ ಕೈ ಮುರೀತೀನಿ ಎಂದಿದ್ದರು.

ಸಾರ್ ಬಹಳ ಹೊತ್ತು ಶಾಯಿಯನ್ನೇ ನೋಡಿದರು. "ಇದನ್ನ ನಾನು ಮೂವತ್ತು ವರ್ಷ ಪಾಠ ಮಾಡೀನಿ," ಎಂದರು.

"ನೋಡಿದ್ರಾ ಸಾರ್?"

"ಚಿತ್ರ ಬರೆಸಿದ್ದೆ."

ಜುಲೈ ೨೦, ಗುರುವಾರ

ಕಲ್ಲಿನ ಒಂದು ಮೂಲೆಯನ್ನು ಪುಡಿ ಮಾಡಿದೆವು. ಮಾಡಿದೆ. ಸಾರ್ ಹೇಳುತ್ತಿದ್ದರು. ಫಿನ್‌ಲೆಂಡಿನವರು ಕರುವಿನ ರಕ್ತದ ಸೀರಮ್, ಅಂದರೆ ರಕ್ತ ಹೆಪ್ಪುಗಟ್ಟಿದ ಮೇಲೆ ನಿಲ್ಲುವ ತಿಳಿನೀರು, ಹಾಕಿ ಬೆಳೆಸಿದ್ದಾರಂತೆ. ನಮ್ಮಲ್ಲಿ ಪರೀಕ್ಷೆ ಮುಗಿದು ಎಸೆಯುವ ಸೀರಮ್ ಇದ್ದೇ ಇದೆ. ಅದು, ಒಂದಿಷ್ಟು ಸುಣ್ಣದ ಲವಣ, ಕಲ್ಲಿನ ಪುಡಿ. ಎಲ್ಲವನ್ನೂ ಪೆನ್ಸಿಲಿನ್ ಸೀಸೆಯಲ್ಲಿ ಮುಚ್ಚಿ ಬೆಚ್ಚಗಿನ ಪೆಟ್ಟಿಗೆಯಲ್ಲಿ ಇಟ್ಟೆ. ಕರೆಂಟು ಹೋದಾಗಲೆಲ್ಲ ಸಾರ್ ಪೆಟ್ಟಿಗೆಗೆ ತಮ್ಮ ಶಾಲು ಹೊದಿಸುತ್ತಾರೆ. ಈ ಊರಿನ ಕರೆಂಟಿಗೆ ಶಾಲು ಅಲ್ಲಿಯೇ ಖಾಯಂ ಆಗಿದೆ.

ಮನೆಯಲ್ಲಿ ಅವ್ವನಿಗೆ ಹೇಳಿದ್ದು ತಪ್ಪಾಯಿತು. "ಕಲ್ಲು ಬೆಳಸ್ತೀಯಾ? ನನ್ನಿವಾಳದಾಗೆ ನಿಮ್ಮಪ್ಪನ ಹೊಲ ಪೂರಾ ಬರೇ ಕಲ್ಲೇ ಬೆಳೀತಿತ್ತು. ಯಾರೂ ಸಂಬಳ ಕೊಡಲಿಲ್ಲ," ಎಂದಳು.

ಆಗಸ್ಟ್ ೧, ಮಂಗಳವಾರ

ನಿನ್ನೆಯಿಂದ ಅಂಗಡಿ ಬಾಗಿಲು ಮುಚ್ಚಿವೆ, ಬಸ್ಸಿಲ್ಲ, ನಾಡಿನ ದೊಡ್ಡ ನಟರನ್ನು ಕಾಡುಗಳ್ಳ ಹೊತ್ತೊಯ್ದಿದ್ದಾನೆ. ನಡೆದುಕೊಂಡೇ ಲ್ಯಾಬಿಗೆ ಹೋದೆ. ಸಾರ್ ಆಗಲೇ ಬಂದು ಸೀಸೆಯ ಮುಂದೆ ಕೂತಿದ್ದರು.

ಆಗಸ್ಟ್ ೧೪, ಸೋಮವಾರ

ಸೀಸೆಯ ತಳದಲ್ಲಿ ಬಿಳಿ ಪೊರೆ ಕಟ್ಟಿದೆ. ಮೈಕ್ರೋಸ್ಕೋಪಿನಲ್ಲಿ ಸಾಲುಸಾಲು ಚುಕ್ಕೆ. ಸಾರ್ ಮಂಡಕ್ಕಿ ಉಂಡೆ ತರಿಸಿ ಹೊರಗಿನ ಬೆಂಚಿನಲ್ಲಿದ್ದ ರೋಗಿಗಳಿಗೆಲ್ಲ ಹಂಚಿದರು. ಅದರಲ್ಲಿ ಇಬ್ಬರು ಉಪವಾಸದ ಸಕ್ಕರೆ ಪರೀಕ್ಷೆಗೆ ಬಂದವರು. ನಾಳೆ ರಜೆ, ನಾಡಿದ್ದು ಮತ್ತೆ ಬನ್ನಿ ಎಂದು ಕಳಿಸಿದೆ. ಬೈದದ್ದು ನನ್ನನ್ನು.

ಅಕ್ಟೋಬರ್ ಹದಿನೈದಕ್ಕೆ ಮೊಳಕಾಲ್ಮೂರಿನಲ್ಲಿ ವಿಜ್ಞಾನ ಶಿಕ್ಷಕರ ಸಭೆ. ಅಲ್ಲಿ ಪ್ರಬಂಧ ಓದುತ್ತಾರಂತೆ. ಕಾಗದ ಬರೆದು ಒಪ್ಪಿಸಿಯೂ ಆಗಿದೆ.

ಸಂಜೆ ಡಾಕ್ಟರ ಹತ್ತಿರ ಹೋಗಿ, ಕೆಲಸ ಸಾಗುತ್ತಿಲ್ಲ, ಸಾರಿಗೆ ಬೇರೆ ಜಾಗ ಮಾಡಿಕೊಡಿ ಎಂದು ಕೇಳಿಯೇಬಿಟ್ಟೆ. ಅವರು ಕೈ ಮುಗಿದರು. ಡಾಕ್ಟರು ನನಗೆ ಕೈ ಮುಗಿದದ್ದು ಇದೇ ಮೊದಲು. "ಅಕ್ಟೋಬರ್‌ತಂಕ ತಡ್ಕೋ ಗೀತಾ."

ಆಗಸ್ಟ್ ೧೭, ಗುರುವಾರ

"ಸಾರ್, ಬ್ಲಾಂಕ್ ಇಡಲಿಲ್ಲವಲ್ಲ," ಎಂದೆ. ನಮ್ಮಲ್ಲಿ ಯಾವ ಪರೀಕ್ಷೆಗೂ ಪಕ್ಕದಲ್ಲಿ ರೋಗಿಯ ಸ್ಯಾಂಪಲ್ ಹಾಕದ ಒಂದು ಖಾಲಿ ನಳಿಗೆ ಇರುತ್ತದೆ. ಅದನ್ನೇ ಬ್ಲಾಂಕ್ ಎನ್ನುವುದು. ಖಾಲಿ ನಳಿಗೆಯಲ್ಲೂ ಬಣ್ಣ ಬಂದರೆ ತಪ್ಪು ರೋಗಿಯದಲ್ಲ, ನಮ್ಮದು.

"ಅದೆಲ್ಲ ಸಕ್ಕರೆ ಪರೀಕ್ಷೆಗೆ ಸರಿಯಮ್ಮ. ಇದು ಸಂಶೋಧನೆ."

ಅವರು ಊಟಕ್ಕೆ ಹೋದಾಗ ಎರಡನೆಯ ಸೀಸೆ ಇಟ್ಟೆ. ಕಲ್ಲು, ಸೀರಮ್, ಲವಣ ಎಲ್ಲಾ ಅದೇ. ಮೇಲೆ ಒಂದಿಷ್ಟು ಫಾರ್ಮಲಿನ್. ಸತ್ತ ಅಂಗಗಳನ್ನು ಕೆಡದಂತೆ ಇಡುವ ಆ ನೀರಿನಲ್ಲಿ ಯಾವ ಜೀವವೂ ಉಳಿಯುವುದಿಲ್ಲ. ಇದು ತಿಳಿಯಾಗಿಯೇ ಉಳಿದರೆ ಸಾರ್ ಗೆದ್ದಂತೆ, ನನಗೆ ನೆಮ್ಮದಿ. ಅಷ್ಟೇ ಉದ್ದೇಶ.

ಸೆಪ್ಟೆಂಬರ್ ೫, ಮಂಗಳವಾರ

ವಿಷ ಹಾಕಿದ ಸೀಸೆಯಲ್ಲೂ ಬಿಳಿ ಪೊರೆ ಬಂತು.

ತೋರಿಸಿದೆ. ಸಾರ್ ಸ್ವಲ್ಪವೂ ಅಲುಗಲಿಲ್ಲ. "ಗೋಡೆ ಅಂದ್ನಲ್ಲ. ಸುಣ್ಣದ ಗೋಡೆ. ನಿನ್ನ ಫಾರ್ಮಲಿನ್ ಒಳಗೆ ಹೋಗೋದಾದ್ರೂ ಹೆಂಗೆ? ಚಿತ್ರದುರ್ಗದ ಕೋಟೆ ಇದ್ದಂಗೆ." ತಕ್ಷಣ ಪ್ರಬಂಧಕ್ಕೆ ಒಂದು ಪುಟ ಸೇರಿಸಿದರು. ನಾನು ಎಬ್ಬಿಸಿದ ಅನುಮಾನ ಅವರಿಗೆ ಸಾಕ್ಷಿಯಾಯಿತು. ಶಿಕ್ಷಕರ ದಿನಾಚರಣೆ ಅಂತ ಪೇಡೆ ಬೇರೆ ಕೊಟ್ಟರು. ತಿಂದೆ. ಆದರೆ ಸಿಟ್ಟು ಬಂದಿತ್ತು.

ಮೂರನೆಯ ಸೀಸೆ ಇಟ್ಟೆ. ಸೀರಮ್, ಲವಣ. ಕಲ್ಲೇ ಇಲ್ಲ.

ಸೆಪ್ಟೆಂಬರ್ ೨೬, ಮಂಗಳವಾರ

ಮೂರನೆಯದರಲ್ಲೂ ಚುಕ್ಕೆ.

"ಹಂಗಾದ್ರೆ ಅವು ರಕ್ತದಲ್ಲೇ ಅವೆ. ಸೀರಮ್ ಜೊತೆ ಬಂದವೆ. ನಿನ್ನಲ್ಲೂ ಅವೆ, ನನ್ನಲ್ಲೂ ಅವೆ, ನಮ್ಮ ಅಳಿಯನಲ್ಲೂ ಅವೆ," ಎಂದು ಸಾರ್ ಬಾಗಿಲ ಬಳಿ ನಿಂತು ಹೇಳಿದರು. ಹೊರಗಿನ ಬೆಂಚು ಅರ್ಧ ಖಾಲಿಯಾಯಿತು. ಡಾಕ್ಟರು ಬಂದು, ನಮ್ಮಲ್ಲಿ ಅಂಥದ್ದೇನೂ ಇಲ್ಲ ಎಂದು ಒಬ್ಬೊಬ್ಬರಿಗೂ ಸಮಾಧಾನ ಹೇಳಬೇಕಾಯಿತು.

ನನಗೆ ಹಠ ಬಂದಿದೆ. ಸೀರಮ್ಮೂ ಬೇಡ, ಕಲ್ಲೂ ಬೇಡ. ಬ್ಯಾಟರಿಗೆ ಹಾಕುವ ಡಿಸ್ಟಿಲ್ಡ್ ವಾಟರ್ ತಂದು ಕುದಿಸಿದೆ. ಲವಣಗಳನ್ನು ಕಾಲೇಜಿನ ಕೆಮಿಸ್ಟ್ರಿ ಲ್ಯಾಬಿನಿಂದ ಹೊಸದಾಗಿ ಕೇಳಿ ತಂದೆ. ಪ್ರತಿಯೊಂದನ್ನೂ ಬೇರೆಬೇರೆಯಾಗಿ ಕುದಿಸಿ, ಸೀಸೆಯನ್ನೂ ಕುದಿಸಿ, ಕೊನೆಗೆ ಬೆರೆಸಿ ಮುಚ್ಚಿದೆ. ಮನೆಗೆ ಹೋಗುವಷ್ಟರಲ್ಲಿ ಅವ್ವ ಉಂಡು ಮಲಗಿದ್ದಳು. ಮುದ್ದೆ ಆರಿತ್ತು.

ಅಕ್ಟೋಬರ್ ೬, ಶುಕ್ರವಾರ

ಆಯುಧಪೂಜೆ. ಆಯಾ ಮೈಕ್ರೋಸ್ಕೋಪಿಗೆ ಸೇವಂತಿಗೆ ಮುಡಿಸಿ, ಫ್ರಿಜ್ಜಿಗೆ, ಬೆಚ್ಚಗಿನ ಪೆಟ್ಟಿಗೆಗೆ ಕುಂಕುಮ ಇಟ್ಟಳು. ಪೆಟ್ಟಿಗೆ ತೆರೆದು ಸೀಸೆಗಳಿಗೂ ಇಡಲು ಹೋದಳು. ತಡೆಯುವಾಗ ನಾಲ್ಕನೆಯದು ಕಣ್ಣಿಗೆ ಬಿತ್ತು. ತಳದಲ್ಲಿ ಬಿಳಿ.

ಹೂವು ತೆಗೆದು ಮೈಕ್ರೋಸ್ಕೋಪಿನಲ್ಲಿ ನೋಡಿದೆ. ಅವೇ ಚುಕ್ಕೆ, ಅದೇ ಅಳತೆ, ಅದೇ ಸಾಲು. ಮೊದಲನೆಯ ಸೀಸೆಯದನ್ನು ಪಕ್ಕದಲ್ಲಿಟ್ಟು, ಕಣ್ಣು ಮುಚ್ಚಿ ಗಾಜು ಅದಲುಬದಲು ಮಾಡಿ ನೋಡಿದರೆ ಯಾವುದು ಯಾವುದೆಂದು ನನಗೇ ತಿಳಿಯಲಿಲ್ಲ.

ಗೆದ್ದೆ ಅನ್ನಿಸಬೇಕಿತ್ತು. ಅನ್ನಿಸಲಿಲ್ಲ. ಪ್ರಬಂಧ ನಲವತ್ತು ಪುಟ ಆಗಿದೆ. ರಟ್ಟು ಹಾಕಿಸಿ ಬಂಗಾರದ ಬಣ್ಣದ ಅಕ್ಷರದಲ್ಲಿ ಹೆಸರು ಬರೆಸಿದ್ದಾರೆ.

ಅಕ್ಟೋಬರ್ ೯, ಸೋಮವಾರ

ಹೇಳಿದೆ.

ಸಾರ್ ನಾಲ್ಕನೆಯ ಸೀಸೆಯನ್ನು ಬೆಳಕಿಗೆ ಹಿಡಿದು ಬಹಳ ಹೊತ್ತು ನೋಡಿದರು. "ನೀರಲ್ಲೂ ಇರಬಹುದು," ಎಂದರು. ಕುದಿಸಿದ ನೀರು ಸಾರ್, ಎಂದೆ. "ಲವಣದಲ್ಲಿ?" ಅದೂ ಕುದಿಸಿದ್ದು. "ನೀನು ಸರಿಯಾಗಿ ಮುಚ್ಚಿಲ್ಲ." ಮೂರು ಸಲ ನೋಡೀನಿ, ಮೂರು ಸಲವೂ ಬಿಗಿಯಾಗೇ ಇತ್ತು.

ಆಗ ಅವರು, "ಸೀಸೆ ತೊಳೆಯೋ ಕೆಲಸ ನಿಂದು. ನಿಂಗೇನು ಗೊತ್ತೈತೆ?" ಎಂದು ಎದ್ದು ಹೋದರು.

ಅಕ್ಟೋಬರ್ ೧೦, ಮಂಗಳವಾರ

ಸಾರ್ ಬರಲಿಲ್ಲ. ಕೆಲಸ ಚೆನ್ನಾಗಿ ಸಾಗಿತು. ಹನ್ನೆರಡಕ್ಕೇ ಎಲ್ಲಾ ರಿಪೋರ್ಟ್ ಮುಗಿದವು.

ಅಕ್ಟೋಬರ್ ೧೧, ಬುಧವಾರ

ಬರಲಿಲ್ಲ. ಹನ್ನೊಂದೂವರೆಗೇ ಮುಗಿಯಿತು. ಶಾಲು ಪೆಟ್ಟಿಗೆಯ ಮೇಲೇ ಇದೆ. ಕರೆಂಟು ಹೋದಾಗ ಹೊದಿಸಿದೆ.

ಅಕ್ಟೋಬರ್ ೧೨, ಗುರುವಾರ

ಅವರ ಹೆಂಡತಿ ಸುಲೋಚನಮ್ಮ ಬಂದಿದ್ದರು. ಸೀಸೆ ತೊಳೆಯುವ ಮಾತು ಅವರ ಕಿವಿಗೂ ಬಿದ್ದಿರಬೇಕು, ಒಂದು ಡಬ್ಬಿ ಹೋಳಿಗೆ ತಂದಿದ್ದರು. "ಹುರುಳಿ ಕಟ್ಟು ಕುಡಿಯಲ್ಲ, ಬಾಳೆದಿಂಡಿನ ರಸ ಕುಡಿಯಲ್ಲ. ಗ್ವಾಡೆ ನೋಡ್ಕೊಂಡು ಕೂತಾರೆ ಕಣಮ್ಮ. ಇನ್ನೊಂದು ಕಲ್ಲು ಕೆಳಗಿಳದೈತಂತೆ, ನೋವು ಬ್ಯಾರೆ," ಎಂದರು. ಅವರ ಎದುರೇ ಹೋಳಿಗೆ ತಿಂದೆ.

ಹನ್ನೊಂದಕ್ಕೇ ಕೆಲಸ ಮುಗಿದಿತ್ತು. ಆಮೇಲೆ ಏನು ಮಾಡಿದೆನೋ ನೆನಪಿಲ್ಲ.

ಅಕ್ಟೋಬರ್ ೧೩, ಶುಕ್ರವಾರ

ಸಾರ್ ಬಂದರು. ಗಡ್ಡ ಬಿಟ್ಟಿದ್ದರು. ಕುರ್ಚಿಯಲ್ಲಿ ಕೂರದೆ, ನಿಂತೇ ಮಾತಾಡಿದರು.

"ಮೂವತ್ತು ವರ್ಷ ಪುಸ್ತಕದಲ್ಲಿ ಇದ್ದಿದ್ದನ್ನ ಹುಡುಗರಿಗೆ ಹೇಳಿದೆ ಗೀತಾ. ಇನ್ನೊಬ್ಬರು ನೋಡಿದ್ದು, ಇನ್ನೊಬ್ಬರು ಬರೆದಿದ್ದು. ಒಂದು ಸಲನಾದ್ರೂ ನಾನು ನೋಡಿದ್ದನ್ನ ನಾಲ್ಕು ಜನಕ್ಕೆ ಹೇಳಬೇಕು ಅಂತ ಆಸೆ. ಭಾನುವಾರ ಹೋಗ್ತೀನಿ. ಮೂರು ಸೀಸೆ ಸಾಕು."

ಸೀಸೆಗಳಿಗೆ ಸುತ್ತಲು ಹತ್ತಿ ತೆಗೆದಿಟ್ಟೆ.

ದಾರಿಯಲ್ಲಿ ನೋವು ಬಂದರೆ ಎಂದು ಡಾಕ್ಟರು ನನ್ನನ್ನು ಜೊತೆಗೆ ಕಳಿಸುತ್ತಿದ್ದಾರೆ. ಕಲ್ಲು ಯಾವ ಹೊತ್ತಿನಲ್ಲಾದರೂ ಬೀಳಬಹುದು, ಮೂತ್ರ ಮಾಡುವಾಗ ಟೀ ಸೋಸುವ ಜರಡಿ ಹಿಡಿದು ಮಾಡಿ ಎಂದು ಮಾವನಿಗೆ ಹೇಳಿದರು. ಮಾವ, ಮೊಳಕಾಲ್ಮೂರಿಗೆ ಜರಡಿ ಹಿಡಿದುಕೊಂಡು ಹೋಗುವ ಹೊತ್ತು ತನಗಿನ್ನೂ ಬಂದಿಲ್ಲ ಎಂದರು.

ಅಕ್ಟೋಬರ್ ೧೫, ಭಾನುವಾರ

ಇವತ್ತಿನದನ್ನು ಪೂರ್ತಿ ಬರೆಯಬೇಕು.

ಬೆಳಿಗ್ಗೆ ಏಳರ ಪ್ರೈವೇಟ್ ಬಸ್ಸು. ಮೂರು ಸೀಸೆಗಳನ್ನು ಹತ್ತಿಯಲ್ಲಿ ಸುತ್ತಿ ಬುಟ್ಟಿಯಲ್ಲಿಟ್ಟು ತೊಡೆಯ ಮೇಲೆ ಇಟ್ಟುಕೊಂಡಿದ್ದೆ. ಸಾರ್ ತಮ್ಮ ಚರ್ಮದ ಚೀಲವನ್ನು ನನ್ನ ಕೈಗೆ ಕೊಡದೆ ಅಪ್ಪಿ ಹಿಡಿದಿದ್ದರು. ತಳಕು ದಾಟಿದ ಮೇಲೆ ರಸ್ತೆ ಹಾಳಾಗಿದೆ. ಒಂದೊಂದು ಗುಂಡಿಗೂ ಸಾರ್ ಒಂದೊಂದು ದೇವರ ಹೆಸರು ಹೇಳಿದರು. ಬಿ.ಜಿ. ಕೆರೆ ಬರುವಷ್ಟರಲ್ಲಿ ಬೆವರಿ, ಮಡಿಚಿಕೊಂಡು ಕೂತಿದ್ದರು.

"ಗೀತಾ, ಬಸ್ ನಿಲ್ಲಿಸು. ಬರ್ತಾ ಐತೆ."

"ಏನು ಸಾರ್?"

"ಕಲ್ಲು."

ಕಂಡಕ್ಟರಿಗೆ ಹೇಳಿದೆ. ಸಾರ್ ಇಳಿದು ಎರಡು ಹೆಜ್ಜೆ ಹೋಗಿ ತಿರುಗಿ ನಿಂತರು. ಜರಡಿ ಇಲ್ಲ. ಆ ಸ್ಥಿತಿಯಲ್ಲೂ ಕಲ್ಲನ್ನು ಮಣ್ಣಿಗೆ ಬಿಡಲು ಅವರು ತಯಾರಿಲ್ಲ. ಎದುರಿನ ಟೀ ಹೋಟೆಲಿಗೆ ಓಡಿದೆ. ಒಲೆಯ ಮುಂದೆ ಒಬ್ಬ ಹೆಂಗಸು ಟೀ ಸೋಸುತ್ತಿದ್ದಳು.

"ಅಕ್ಕಾ, ಆ ಜರಡಿ ಬೇಕಿತ್ತು."

"ಎಂದುಕಮ್ಮಾ, ಯಾಕೆ? ಟೀ ಬೇಕಾದ್ರೆ ನಾನೇ ಸೋಸಿ ಕೊಡ್ತೀನಿ."

"ಟೀಗಲ್ಲ. ನಮ್ಮ ಸಾರಿಗೆ. ಔಷಧಿಗೆ."

"ತಿರುಗಿ ತಂದುಕೊಡ್ತೀಯಾ?"

"ತಂದುಕೊಟ್ಟರೂ ನೀವು ಇಸ್ಕೊಳ್ಳಲ್ಲ," ಎಂದೆ. ಅವಳು ನನ್ನನ್ನು, ರಸ್ತೆಯಾಚೆ ಬಾಗಿ ನಿಂತಿದ್ದ ಸಾರನ್ನು ನೋಡಿ, ಹೊಸದನ್ನು ಒಳಗಿಟ್ಟು ಹಳೆಯದನ್ನು ಕೊಟ್ಟಳು.

ಸಾರ್ ಜರಡಿ ಹಿಡಿದು ಬೇಲಿಯ ಹಿಂದೆ ಹೋದರು. ಬಸ್ಸು ನಿಂತಿತ್ತು. ಐದು ನಿಮಿಷ, ಹತ್ತು ನಿಮಿಷ. ಬಸ್ಸಿಗೆ ಬಸ್ಸೇ ಅಷ್ಟರಲ್ಲಿ ವಿಷಯ ತಿಳಿದುಕೊಂಡಿತ್ತು. ಕಿಟಕಿಗಳಿಂದ ಸಲಹೆಗಳು ಬರತೊಡಗಿದವು. ಮಜ್ಜಿಗೆ ಕುಡಿಯಲಿ ಎಂದು ಒಬ್ಬರು, ಒಂದೇ ಕಾಲಲ್ಲಿ ಜಿಗಿಯಲಿ ಎಂದು ಇನ್ನೊಬ್ಬರು. ತನ್ನ ಭಾವನಿಗೆ ಬಿದ್ದದ್ದು ನೆಲಗಡಲೆಯಷ್ಟಿತ್ತು ಎಂದು ಒಬ್ಬ ಮುದುಕ ಎಲ್ಲರಿಗೂ ಹೇಳಿದ. ಯಾರೂ ಹೊರಡೋಣ ಎನ್ನಲಿಲ್ಲ.

ಕೊನೆಗೆ ಬೇಲಿಯ ಮೇಲೆ ಒಂದು ಕೈ ಕಂಡಿತು. ಕೈಯಲ್ಲಿ ಜರಡಿ.

"ಸಿಕ್ತು," ಎಂದರು ಸಾರ್.

ಕಂಡಕ್ಟರ್ ಸೀಟಿ ಊದಿದ. ಬಸ್ಸಿನೊಳಗೆ ಎಲ್ಲರೂ ಜಾಗ ಬಿಟ್ಟು ಕೂರಿಸಿದರು. ನೋವು ಹೋದ ಮುಖ ಹತ್ತು ವರ್ಷ ಎಳೆಯದಾಗಿತ್ತು. ಕಲ್ಲನ್ನು ಕಾಗದದಲ್ಲಿ ಸುತ್ತಿ, ಒಳಗಿಡಲು ಚರ್ಮದ ಚೀಲ ತೆರೆದರು. ಒಳಗೆ ಟವೆಲ್ಲಿನಲ್ಲಿ ಸುತ್ತಿದ ಇನ್ನೊಂದು ಸೀಸೆ ಕಂಡಿತು. ಅದರ ಮೇಲಿನ ಚೀಟಿಯಲ್ಲಿ ನನ್ನ ಕೈಬರಹ: ನಾಲ್ಕು.

"ಸಾರ್, ಇದು?"

"ನಿನ್ನೆ ಸಂಜೆ ನೀನು ಹೋದ ಮೇಲೆ ಬಂದು ತಗೊಂಡೆ. ಬಿಟ್ಟು ಬಂದಿದ್ರೆ ದಾರಿಯುದ್ದಕ್ಕೂ ಅದೇ ನೆನಪಾಗ್ತಿತ್ತು."

ಅದನ್ನು ತೆಗೆದುಕೊಂಡು ಬುಟ್ಟಿಯಲ್ಲಿ ಉಳಿದ ಮೂರರ ಪಕ್ಕಕ್ಕೆ ಇಟ್ಟೆ.

ಸಭೆಯಲ್ಲಿ ನಲವತ್ತು ಜನ ಮೇಷ್ಟ್ರುಗಳು. ಅರ್ಧ ಜನ ಸಾರ್ ಹತ್ತಿರ ಓದಿದವರೇ. ಅಧ್ಯಕ್ಷರು ಜಂಬುಲಿಂಗಪ್ಪ ಅಂತ, ನಿವೃತ್ತ ಹೆಡ್‌ಮಾಸ್ಟರು. ಸಾರ್ ರಟ್ಟಿನ ಪ್ರಬಂಧ ಬಿಚ್ಚಲೇ ಇಲ್ಲ. ಒಂದೊಂದೇ ಸೀಸೆ ಮೇಜಿನ ಮೇಲಿಟ್ಟು ಹೇಳುತ್ತಾ ಹೋದರು. ಮೂರನೆಯ ಸೀಸೆಗೆ ಬಂದಾಗ ಎಲ್ಲರೂ ತಲೆಯಾಡಿಸುತ್ತಿದ್ದರು. ಅಲ್ಲಿಗೇ ನಿಲ್ಲಿಸಿದ್ದರೆ ಚಪ್ಪಾಳೆ ಬೀಳುತ್ತಿತ್ತು.

ನಾಲ್ಕನೆಯದನ್ನು ಇಟ್ಟರು. "ಇದರಲ್ಲಿ ನನ್ನ ಕಲ್ಲಿಲ್ಲ. ಯಾರ ರಕ್ತವೂ ಇಲ್ಲ. ಕುದಿಸಿದ ನೀರು, ಕುದಿಸಿದ ಲವಣ. ಆದರೂ ಅವೇ ಚುಕ್ಕೆ ಬಂದವೆ. ಆದ್ದರಿಂದ ನಾನು ಮೊದಲು ಹೇಳಿದ ಮೂರು ಸೀಸೆಗಳು ಏನನ್ನೂ ಸಾಧಿಸೋದಿಲ್ಲ. ಜೀವ ಇಲ್ಲದೆಯೂ ಹಂಗೆ ಕಾಣೋ ವಸ್ತು ಹುಟ್ಟುತ್ತೆ. ಅಷ್ಟೇ ನನಗೆ ತಿಳಿದದ್ದು."

ಕೂತರು. ಪ್ರಶ್ನೆ ಕೇಳಿ ಎಂದಾಗ ಒಬ್ಬರು ಕೇಳಿದರು, ಕಲ್ಲಿದ್ದವರು ಟೊಮೆಟೊ ತಿನ್ನಬಹುದೋ ಬಾರದೋ. ಇನ್ನೊಬ್ಬರು ಬಿಯರ್ ಬಗ್ಗೆ ಕೇಳಿದರು, ತಮಗಲ್ಲ, ಸ್ನೇಹಿತರಿಗೆ. ನಾಲ್ಕನೆಯ ಸೀಸೆಯ ಕಡೆ ಯಾರೂ ನೋಡಲಿಲ್ಲ. ಆಮೇಲೆ ಜಂಬುಲಿಂಗಪ್ಪನವರು ಎದ್ದು, "ಕಲ್ಲಿಗೂ ಜೀವವುಂಟು ಅಂತ ನಮ್ಮ ಹಿರಿಯರು ಹೇಳಿದ್ದನ್ನು ಇವತ್ತು ಕೊಟ್ಟೂರಪ್ಪನವರು ವೈಜ್ಞಾನಿಕವಾಗಿ ಸಾಧಿಸಿ ತೋರಿಸಿದ್ದಾರೆ," ಎಂದು ಹಾರ ಕೈಗೆತ್ತಿಕೊಂಡರು.

ನಾನು ಎದ್ದದ್ದು ನನಗೇ ಗೊತ್ತಾಗಲಿಲ್ಲ.

"ಸಾರ್, ಅವರು ಹಂಗೆ ಹೇಳಲಿಲ್ಲ. ಸಾಧಿಸೋದಿಲ್ಲ ಅಂತ ಹೇಳಿದ್ರು."

ಎಲ್ಲರೂ ತಿರುಗಿದರು. ಹಾರ ಗಾಳಿಯಲ್ಲಿ ನಿಂತಿತು. ಮೈಕಿನ ಹತ್ತಿರ ಬನ್ನಿ ಎಂದು ಯಾರೋ ಅಂದರು. ಎರಡು ಮಾತು ಹೇಳಿ ಬರೋಣವೆಂದು ಹೋದೆ. ಬ್ಲಾಂಕ್ ಎಂದರೇನು ಎಂದು ಹೇಳಬೇಕಾಯಿತು. ಅದಕ್ಕೆ ಬೋರ್ಡು ಬೇಕಾಯಿತು. ಸೀಸೆಯಿಂದ ಸೀಸೆಗೆ ಏನು ತೆಗೆದೆ, ಯಾಕೆ ತೆಗೆದೆ ಎಂದು ಬರೆದೆ. ಹಿಂದಿನ ಸಾಲಿನಿಂದ ಒಬ್ಬರು, "ಮೇಡಂ, ತಾವು ಯಾವ ಕಾಲೇಜು?" ಎಂದರು.

"ಕಾಲೇಜಲ್ಲ. ಬಸ್ ಸ್ಟ್ಯಾಂಡ್ ಹಿಂದಿನ ಲ್ಯಾಬು."

"ಹಂಗಾದ್ರೆ ಕೊನೆಗೆ ಆ ಬ್ಯಾಕ್ಟೀರಿಯಾ ಅವೆಯೋ ಇಲ್ಲವೋ?"

"ಈ ಸೀಸೆಗಳಿಂದ ಗೊತ್ತಾಗಲ್ಲ. ಬೇರೆ ಸೀಸೆ ಇಡಬೇಕು."

ಮೈಕು ಸರಿಯಿರಲಿಲ್ಲ, ಕಿರ್ರೆನ್ನುತ್ತಿತ್ತು. ಎರಡು ಮಾತಲ್ಲ, ಅರ್ಧ ಗಂಟೆಯಾಯಿತು ಎಂದು ಸಾರ್ ಆಮೇಲೆ ಹೇಳಿದರು. ನನಗೆ ಹಾಗೆನ್ನಿಸಲಿಲ್ಲ. ಹಾರ ಯಾರಿಗೆ ಹಾಕಬೇಕೆಂದು ತಿಳಿಯದೆ ಜಂಬುಲಿಂಗಪ್ಪನವರು ಅದನ್ನು ಮೇಜಿನ ಮೇಲೆ, ಸೀಸೆಗಳ ಪಕ್ಕ ಇಟ್ಟರು.

ವಾಪಸ್ ಬರುವಾಗ ಬಸ್ಸಿನಲ್ಲಿ, "ನೀವು ಕಿಟಕಿ ಕಡೆ ಕೂತ್ಕೊಳ್ರಿ ಗೀತಮ್ಮ," ಎಂದರು ಸಾರ್. ಹಿಂದೆ ಬೇರೆ ಯಾರೋ ಇರಬೇಕೆಂದು ತಿರುಗಿ ನೋಡಿದೆ.

ಕೈಯಲ್ಲಿ ಚಾಕ್‌ಪೀಸಿನ ಪುಡಿ ಇನ್ನೂ ಹೋಗಿಲ್ಲ.

ಅಕ್ಟೋಬರ್ ೧೬, ಸೋಮವಾರ

ಡಾಕ್ಟರು ನಗುತ್ತಾ ಬಂದು, ಸಭೆ ಮುಗಿಯಿತಲ್ಲ, ಇನ್ನು ಮಾವನವರನ್ನು ಸಹಕಾರ ಸಂಘದ ಲೈಬ್ರರಿಗೆ ಸೇರಿಸುತ್ತೇನೆ, ನಿನ್ನ ಟೇಬಲ್ ನಿನಗೆ ಎಂದರು. ಪೆಟ್ಟಿಗೆಯಲ್ಲಿ ಇವತ್ತು ಬೆಳಿಗ್ಗೆ ಇಟ್ಟ ಐದು, ಆರು, ಏಳನೆಯ ಸೀಸೆ ಇವೆ ಡಾಕ್ಟ್ರೇ, ಒಬ್ಬಳ ಕೈಲಿ ಆಗಲ್ಲ ಎಂದೆ. ಅವರು ಕಿಟಕಿ ಹತ್ತಿರದ ಟೇಬಲನ್ನೊಮ್ಮೆ ನೋಡಿ ಹೋದರು. ಹೊಸ ಕಲ್ಲಿನ ಪುಡಿ ಬಹಳ ನಯವಾಗಿ ಬಂದಿದೆ.

ಡಿಸೆಂಬರ್ ೪, ಸೋಮವಾರ

ಸಾರ್ ಮೆಟ್ಟಿಲು ಹತ್ತುವಾಗಲೇ ಕೂಗಿದರು. ಬೆಂಗಳೂರಿನಲ್ಲಿರುವ ಅವರ ಹಳೆಯ ಶಿಷ್ಯನೊಬ್ಬ ಒಂದು ಲೇಖನದ ಜೆರಾಕ್ಸ್ ಕಳಿಸಿದ್ದಾನೆ. ಅಮೆರಿಕದವರು ಪ್ರಯೋಗ ಮಾಡಿ ನೋಡಿದರಂತೆ. ಜೀವಗಳನ್ನು ತಡೆಯುವ ವಿಷ ಹಾಕಿದರೂ ಚುಕ್ಕೆ ಬಂದವಂತೆ. ಫಿನ್‌ಲೆಂಡಿನವರು ಬ್ಯಾಕ್ಟೀರಿಯಾದ ಗುರುತು ಎಂದುಕೊಂಡದ್ದು ಲ್ಯಾಬಿನಲ್ಲಿ ಸೇರಿಕೊಳ್ಳುವ ಬೇರೆ ಮಾಮೂಲಿ ಬ್ಯಾಕ್ಟೀರಿಯಾದ್ದೂ ಇರಬಹುದಂತೆ.

"ನಾವು ಅವರಿಗಿಂತ ಮ್ವದಲೇ ಮಾಡಿದ್ವಿ ಗೀತಮ್ಮ."

"ತಾರೀಖು ಹಾಕಿ ಬರೆದಿಟ್ಟಿಲ್ಲವಲ್ಲ ಸಾರ್." ಈ ಡೈರಿ ಅವರಿಗೆ ತೋರಿಸುವಂಥದ್ದಲ್ಲ. ಅಷ್ಟೇ ಅಲ್ಲ, ಅವರ ಮೈಕ್ರೋಸ್ಕೋಪಿನ ಕಣ್ಣೇ ಬೇರೆ, ನಮ್ಮದೇ ಬೇರೆ. ಅದನ್ನೂ ಹೇಳಿದೆ.

ಫಿನ್‌ಲೆಂಡಿನವರು ಏನಂತಾರೆ ಎಂದು ಕೇಳಿದೆ. ಒಪ್ಪಿಲ್ಲವಂತೆ. ಒಳ್ಳೆಯದಾಯಿತು ಎಂದೆ. ಯಾಕೆ ಹಾಗೆಂದೆನೋ.

ಇವತ್ತಿನಿಂದ ಸೀಸೆಗಳದೇ ಒಂದು ಪ್ರತ್ಯೇಕ ನೋಟುಪುಸ್ತಕ ಮಾಡಿದ್ದೇನೆ. ತಾರೀಖು, ಹೊತ್ತು, ಏನು ಹಾಕಿದ್ದು, ಯಾರು ಹಾಕಿದ್ದು. ಅದನ್ನು ಬರೆದು ಮುಗಿಸುವಷ್ಟರಲ್ಲಿ ಈ ಡೈರಿಗೆ ಪುರುಸೊತ್ತು ಆಗುವುದಿಲ್ಲ.

ಡಿಸೆಂಬರ್ ೧೮, ಸೋಮವಾರ

ಶೇಂಗಾ ಎಣ್ಣೆ ಮಿಲ್ಲಿನಲ್ಲಿ ಕೆಲಸ ಮಾಡುವ ಕೆಂಚಣ್ಣ ಅನ್ನುವವನು ಬಂದಿದ್ದ. ಡಾಕ್ಟರನ್ನು ಕೇಳಲಿಲ್ಲ. ನೇರ ಲ್ಯಾಬಿನ ಬಾಗಿಲಲ್ಲಿ ನಿಂತು, "ಕಲ್ಲು ನೋಡೋ ಮೇಡಂ ನೀವೇ ಏನ್ರಿ?" ಎಂದ. ಸೊಂಟದಿಂದ ಬೆಂಕಿಪೊಟ್ಟಣ ತೆಗೆದು ಎರಡೂ ಕೈಯಲ್ಲಿ ಹಿಡಿದುಕೊಟ್ಟ.

"ಮೂರು ದಿವ್ಸ ಆತು ಬಿದ್ದು. ಜೀವ ಐತಾ ಇಲ್ಲಾ ನೋಡ್ರಿ."

"ನೋಡಬೇಕಾದ್ರೆ ಐದು ವಾರ ಬೇಕು."

"ಅಷ್ಟು ದಿನ ಅದಕ್ಕೆ ಊಟ?"

"ಏನೂ ಬೇಡ."

"ನಾನು ಹಾಕಿದ್ದೆ," ಎಂದ ಕೆಂಚಣ್ಣ ತಗ್ಗಿದ ದನಿಯಲ್ಲಿ.

ಪೊಟ್ಟಣ ತೆರೆದೆ. ಕಪ್ಪು ಕಲ್ಲಿನ ಪಕ್ಕದಲ್ಲಿ ಅನ್ನದ ಎರಡು ಅಗಳು ಒಣಗಿ ಕೂತಿದ್ದವು. ನಗಬಾರದೆಂದು ಚೀಟಿ ಬರೆಯತೊಡಗಿದೆ. ಅಷ್ಟರಲ್ಲಿ ಸಾರ್ ತಿರುಗಾಟ ಮುಗಿಸಿ ಬಂದು, ಪೊಟ್ಟಣದೊಳಕ್ಕೆ ಬೆರಳು ಹಾಕಲು ಹೋದರು.

"ಸಾರ್, ಮೊದಲು ಕೈ ತೊಳ್ಕೊಂಡು ಬರ್ರಿ."

ಹೋಗಿ ತೊಳೆದುಕೊಂಡು ಬಂದರು. ಬರುವಷ್ಟರಲ್ಲಿ ನಾನು ಕಲ್ಲಿಗೆ ಒಂದು ಸೀಸೆ ಸಿದ್ಧ ಮಾಡಿ, ಅನ್ನದ ಅಗಳುಗಳನ್ನು ಚಿಮಟದಲ್ಲಿ ಹಿಡಿದು ಬೇರೆ ಸೀಸೆಗೆ ಹಾಕುತ್ತಿದ್ದೆ. ಸಾರ್ ಒದ್ದೆ ಕೈಗಳನ್ನು ಮೈಗೆ ತಾಗದಂತೆ ಮೇಲೆತ್ತಿ ಹಿಡಿದು, ಬಗ್ಗಿ ನೋಡಿದರು.

"ಅನ್ನಕ್ಕೂನಾ?"

"ಕಲ್ಲಿನ ಜೊತೆ ಮೂರು ದಿವಸ ಇದ್ದಾವಲ್ಲ ಸಾರ್."

"ಹೌದು ಹೌದು," ಎಂದು ಸಾರ್ ನೋಟುಪುಸ್ತಕ ಎಳೆದುಕೊಂಡು ಪೆನ್ನು ಬಿಚ್ಚಿದರು. "ಹೇಳ್ರಿ ಗೀತಮ್ಮ, ಬರ್ಕೋತೀನಿ. ಎಷ್ಟನೇದು?"

"ಹದಿನಾಲ್ಕು," ಎಂದೆ.